‘ಏಳಬೇಡ, ಮಲಗಿರು’: ಕ್ಯಾನ್ಸರ್ ಆಪರೇಷನ್ ಆದಮೇಲಿನ 28 ದಿನಗಳ ಚರಿತ್ರೆ

ಇವತ್ತಿನ ಕತೆ ಶುರು ಮಾಡೋಕೆ ಮುಂಚೆ ಒಂದು ಮನೆಯನ್ನ ಕಣ್ಮುಂದೆ ತಂದುಕೊಳ್ಳಿ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರಿನಲ್ಲಿ ಗರ್ಭಕೋಶದ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು, ಡಿಸ್ಚಾರ್ಜ್ ಆಗಿ ಅಮ್ಮ ಮನೆಗೆ ಬಂದಿದ್ದಾರೆ. ಜೊತೆಗೆ ದಪ್ಪ ಫೈಲು, ಸ್ಕ್ಯಾನಿಂಗ್ ಕವರು, ಒಂದು ಚೀಲ ಮಾತ್ರೆ. ನಡುಮನೆಯಲ್ಲಿ ಹಾಸಿಗೆ ಹಾಸಿದೆ. ಅಕ್ಕಪಕ್ಕದವರು ಬಂದು ಮಾತಾಡಿಸಿಕೊಂಡು ಹೋಗ್ತಿದ್ದಾರೆ. ಅಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದರೆ ಸಾಕು, ಅಜ್ಜಿ ಒಳಗಿನಿಂದ ಕೂಗ್ತಾರೆ: ‘ಏಳಬೇಡ ಕಣವ್ವ, ಹೊಲಿಗೆ ಬಿಟ್ಕೊಂಡ್ರೆ ಏನ್ ಗತಿ? ಸುಮ್ನೆ ಮಲಗಿರು.’

ಫೈಲಿನೊಳಗೆ ಡಾಕ್ಟರ್ ಬರೆದಿರೋದು ಇದಕ್ಕೆ ಉಲ್ಟಾ. ದಿನಕ್ಕೆ ನಾಲ್ಕೈದು ಸಲ ಓಡಾಡಬೇಕು ಅಂತ. ಈಗ ಮನೆಯಲ್ಲಿ ಫೋನ್ ಹಿಡಿದುಕೊಂಡಿರೋ ಮಗನೋ ಮಗಳೋ ಯಾರ ಮಾತು ಕೇಳಬೇಕು?

ಇಂಥ ಹೊತ್ತಲ್ಲಿ ನಾವು ಸುಲಭವಾಗಿ ‘ಅಜ್ಜಿಗೆ ಏನ್ ಗೊತ್ತಾಗುತ್ತೆ ಬಿಡಿ’ ಅಂದುಬಿಡ್ತೀವಿ. ಆದರೆ ಅಜ್ಜಿ ಹೇಳ್ತಿರೋ ಮಾತು ಮೂಢನಂಬಿಕೆ ಅಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳೇ ಹೇಳ್ತಿದ್ದ ಮಾತು ಅದು. ವೈದ್ಯಶಾಸ್ತ್ರ ತಾನು ಹೇಳಿದ್ದನ್ನ ತಾನೇ ವಾಪಸ್ ತಗೊಂಡಿತು. ಅದು ಯಾಕೆ, ಯಾವಾಗ ಅನ್ನೋದೇ ಇವತ್ತಿನ ಚರಿತ್ರೆ.

ಕತೆ ಶುರುವಾಗೋದು 1809ರಲ್ಲಿ, ಅಮೆರಿಕದ ಕೆಂಟಕಿಯಲ್ಲಿ. ಜೇನ್ ಟಾಡ್ ಕ್ರಾಫರ್ಡ್ ಅಂತ ಒಬ್ಬ ಹೆಣ್ಣುಮಗಳು. ಹೊಟ್ಟೆ ಊದಿಕೊಂಡಿತ್ತು. ಬಸುರಿ ಅಂದುಕೊಂಡಿದ್ದರು. ಎಫ್ರಾಯಿಮ್ ಮ್ಯಾಕ್‌ಡೊವೆಲ್ ಅನ್ನೋ ಡಾಕ್ಟರ್ ನೋಡಿ, ಇದು ಮಗುವಲ್ಲ, ಅಂಡಾಶಯದ ಗಡ್ಡೆ ಅಂದರು. ಅಲ್ಲಿಯವರೆಗೆ ಹೊಟ್ಟೆ ಕೊಯ್ದು ಇಂಥ ಗಡ್ಡೆ ತೆಗೆದು ಬದುಕಿಸಿದ ದಾಖಲೆ ಇರಲಿಲ್ಲ. ಜೇನ್ ಒಪ್ಪಿಕೊಂಡು, ಡಾಕ್ಟರ್ ಇದ್ದ ಡ್ಯಾನ್‌ವಿಲ್ ಊರಿಗೆ ಸುಮಾರು 100 ಕಿಲೋಮೀಟರ್ ಕುದುರೆ ಮೇಲೆ ಹೋದರು. ಕುದುರೆ ಅಂದರೆ ನಮಗೆ ಕುಣಿಗಲ್ ನೆನಪಾಗುತ್ತೆ, ಆದರೆ ದೂರದ ಅಂದಾಜಿಗೆ ಗುಬ್ಬಿಯಿಂದ ಬೆಂಗಳೂರಿಗೆ ಹೋದಷ್ಟು ಅಂದುಕೊಳ್ಳಿ. ಚಳಿಗಾಲದಲ್ಲಿ, ಹತ್ತು ಕೆಜಿ ಗಡ್ಡೆ ಹೊಟ್ಟೆಯಲ್ಲಿಟ್ಟುಕೊಂಡು.

ಆಗ ಮತ್ತು ಬರಿಸೋ ಔಷಧಿ ಇರಲಿಲ್ಲ. 25 ನಿಮಿಷದ ಆಪರೇಷನ್. ಆಕೆ ದೇವರ ಹಾಡು ಹೇಳಿಕೊಂಡು ನೋವು ತಡೆದುಕೊಂಡರು. ನಮ್ಮ ಕತೆಗೆ ಬೇಕಾದ ಭಾಗ ಆಮೇಲಿನದು. ಐದನೇ ದಿನ ಡಾಕ್ಟರ್ ನೋಡೋಕೆ ಬಂದರೆ, ಜೇನ್ ಎದ್ದು ನಿಂತು ತನ್ನ ಹಾಸಿಗೆ ತಾನೇ ಸರಿಮಾಡ್ತಿದ್ದರು! 25 ದಿನಕ್ಕೆ ವಾಪಸ್ ಊರಿಗೆ ಹೊರಟರು. 78 ವರ್ಷದವರೆಗೂ ಬದುಕಿದರು.

ಆಕೆ ಐದನೇ ದಿನ ಎದ್ದಿದ್ದು ಆಗಿನವರಿಗೆ ಒಂದು ವಿಚಿತ್ರ. ಅದರಲ್ಲಿ ಪಾಠ ಇದೆ ಅಂತ ಒಪ್ಪಿಕೊಳ್ಳೋಕೆ ವೈದ್ಯಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಈ ಮಧ್ಯೆ ಎರಡು ದೊಡ್ಡ ಬದಲಾವಣೆ ಆದವು. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಮತ್ತು ಬರಿಸಿ ಆಪರೇಷನ್ ಮಾಡಿ ತೋರಿಸಿದರು. ನೋವಿನ ಭಯ ಹೋಯಿತು, ಆಪರೇಷನ್‌ಗಳು ಹೆಚ್ಚಿದವು. ಹೆಚ್ಚಿದ ಹಾಗೆ ಸಾವೂ ಹೆಚ್ಚಿತು. ಕಾರಣ, ನಂಜು. ನಮ್ಮ ಕಡೆ ಗಾಯ ಕೆಂಪಾಗಿ, ಬಾತು, ಕೀವು ತುಂಬಿದರೆ ‘ನಂಜಾಯ್ತು’ ಅಂತೀವಲ್ಲ, ಅದೇ. ಸರ್ಜನ್‌ಗಳು ರಕ್ತ ಒಣಗಿದ ಕೋಟು ಹಾಕಿಕೊಂಡು, ಕೈ ತೊಳೆಯದೆ ಒಬ್ಬರಿಂದ ಇನ್ನೊಬ್ಬರ ಹೊಟ್ಟೆಗೆ ಕೈ ಹಾಕ್ತಿದ್ದ ಕಾಲ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್ ಹೆರಿಗೆ ವಾರ್ಡಿನಲ್ಲಿ ‘ಕೈ ತೊಳೀರಿ’ ಅಂದಾಗ ಹಿರಿಯರು ಸಿಟ್ಟಾದರು. 1865ರಿಂದ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಸಿಡ್‌ನಲ್ಲಿ ಗಾಯ, ಕೈ, ಸಲಕರಣೆ ಎಲ್ಲವನ್ನೂ ಶುದ್ಧಮಾಡೋಕೆ ಶುರು ಮಾಡಿದ ಮೇಲೆ ನಿಧಾನವಾಗಿ ಜನ ನಂಬಿದರು.

ಆ ಧೈರ್ಯದಲ್ಲೇ 1898ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ವರ್ಥೈಮ್ ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಒಂದನ್ನ ಶುರು ಮಾಡಿದರು. ಗರ್ಭಕೋಶದ ಜೊತೆಗೆ ಅದರ ಅಕ್ಕಪಕ್ಕದ ಮೆತ್ತನೆ ಭಾಗ, ಹಾಲ್ರಸದ ಗಂಟುಗಳು ಎಲ್ಲ ತೆಗೆಯೋದು. ಇವತ್ತಿಗೂ ಈ ಆಪರೇಷನ್‌ಗೆ ಅವರದೇ ಹೆಸರಿದೆ. 1911ರಲ್ಲಿ ಅವರು 500 ಹೆಂಗಸರ ಕೇಸುಗಳನ್ನ ಒಟ್ಟುಮಾಡಿ ಪ್ರಕಟಿಸಿದರು. ಮೊದಮೊದಲ ವರ್ಷಗಳಲ್ಲಿ ಆಪರೇಷನ್‌ನಿಂದಲೇ ಸತ್ತವರು ತುಂಬಾ ಜನ. ಗಡ್ಡೆ ತೆಗೆಯೋದನ್ನ ಕಲಿತಾಗಿತ್ತು. ಆಮೇಲೆ ರೋಗಿಯನ್ನ ಉಳಿಸಿಕೊಳ್ಳೋದು ಇನ್ನೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಔಷಧಿ ಒಂದೇ, ಮಲಗೋದು. ಲಂಡನ್ನಿನ ಸರ್ಜನ್ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿ ಮತ್ತು ನೋವಿನ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಹೊಟ್ಟೆ ಕೊಯ್ದವರನ್ನ ಎರಡು ವಾರ, ಮೂರು ವಾರ ಹಾಸಿಗೆ ಬಿಟ್ಟು ಏಳಿಸ್ತಿರಲಿಲ್ಲ. ನಮ್ಮ ಅಜ್ಜಿಯ ಮಾತು ಇಲ್ಲಿಂದ ಆಚೆ ಹೋಗಲ್ಲ ನೋಡಿ. ಬಾಣಂತಿಯನ್ನ ಮಲಗಿಸೋ ನಮ್ಮ ಪದ್ಧತಿಯೂ, ಆಸ್ಪತ್ರೆಯ ಹಳೇ ಪದ್ಧತಿಯೂ ಒಂದೇ ದಿಕ್ಕಿಗೆ ಇದ್ದವು. ಹಾಗಾಗಿ ಅದು ಮನೆಮನೆಯಲ್ಲಿ ಗಟ್ಟಿಯಾಗಿ ಉಳಿದುಕೊಂಡಿತು.

ಮಲಗಿದರೆ ಏನಾಗುತ್ತೆ? ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬೇಡ ಅಂತಾರಲ್ಲ. ಅಲ್ಲಾಡದೆ ಇದ್ದರೆ ಮೊಸರು ಗಟ್ಟಿ. ಕಾಲಿನ ರಕ್ತವೂ ಹೆಚ್ಚುಕಡಿಮೆ ಹಾಗೇ. ನಡೆಯೋವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಅಲ್ಲಾಡದೆ ಮಲಗಿದರೆ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಂಡರೆ, ಆರಾಮಾಗೇ ಇದ್ದವರು ಇದ್ದಕ್ಕಿದ್ದ ಹಾಗೆ ಏದುಸಿರು ಬಂದು ಕುಸಿದುಬಿಡ್ತಾರೆ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗುತ್ತೆ ಅಂತ 19ನೇ ಶತಮಾನದ ಮಧ್ಯದಲ್ಲೇ ಜರ್ಮನಿಯ ರುಡಾಲ್ಫ್ ವಿರ್ಶೋ ತೋರಿಸಿಕೊಟ್ಟಿದ್ದರು.

ಕ್ಯಾನ್ಸರ್ ಇದ್ದವರಿಗೆ ಈ ಅಪಾಯ ಇನ್ನೂ ಜಾಸ್ತಿ, ಯಾಕಂದ್ರೆ ಕ್ಯಾನ್ಸರ್ ರಕ್ತವನ್ನೇ ಹೆಪ್ಪುಗಟ್ಟೋ ಕಡೆಗೆ ತಳ್ಳುತ್ತೆ. 1865ರಲ್ಲಿ ಪ್ಯಾರಿಸ್‌ನ ಅರ್ಮಾಂಡ್ ಟ್ರೂಸೋ ತಮ್ಮ ಪಾಠದಲ್ಲಿ ಇದನ್ನ ಹೇಳಿದ್ದರು. ಎರಡು ವರ್ಷದೊಳಗೆ ಅವರದೇ ರಕ್ತನಾಳದಲ್ಲಿ ಹೆಪ್ಪು ಕಾಣಿಸಿಕೊಂಡಿತು. ನನಗೂ ಕ್ಯಾನ್ಸರ್ ಇದೆ ಅಂತ ಅವರೇ ಕಂಡುಕೊಂಡರು. ಆ ವರ್ಷವೇ, 1867ರಲ್ಲಿ, ತೀರಿಕೊಂಡರು.

ಈಗ ಲೆಕ್ಕ ಹಾಕಿ. ಕ್ಯಾನ್ಸರ್ ಇದೆ, ಸೊಂಟದ ಒಳಗೆ ದೊಡ್ಡ ಆಪರೇಷನ್ ಆಗಿದೆ, ಮೇಲೆ ಮೂರು ವಾರ ಮಲಗಿಸಿದ್ದೀವಿ. ಹೆಪ್ಪುಗಟ್ಟೋಕೆ ಬೇಕಾದ ಮೂರೂ ಒಟ್ಟಿಗೆ ಕೂಡಿಸಿಕೊಟ್ಟ ಹಾಗೆ.

‘ಏಳಿಸಿ’ ಅಂತ ಬೇಗನೇ ಹೇಳಿದ್ದು ಸ್ತ್ರೀರೋಗ ಸರ್ಜನ್ ಒಬ್ಬರೇ. 1899ರಲ್ಲಿ ಷಿಕಾಗೋದ ಎಮಿಲ್ ರೀಸ್, ಹೊಟ್ಟೆ ಆಪರೇಷನ್ ಆದವರನ್ನ ಬೇಗ ಎಬ್ಬಿಸಿ, ಬೇಗ ಊಟ ಕೊಡಿ ಅಂತ ಬರೆದರು. ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಎರಡನೇ ಮಹಾಯುದ್ಧ ಬಂತು. ಹಾಸಿಗೆ ಸಾಲದು, ನರ್ಸ್‌ಗಳು ಸಾಲದು, ರೋಗಿಗಳನ್ನ ಬೇಗ ಎಬ್ಬಿಸಲೇಬೇಕಾಯಿತು. ಎಬ್ಬಿಸಿದರೆ ಹೊಲಿಗೆ ಬಿಚ್ಚಿಕೊಳ್ಳಲಿಲ್ಲ, ಜನ ಬೇಗ ಸುಧಾರಿಸಿಕೊಂಡರು. 1940ರ ದಶಕದಲ್ಲಿ ಡಾಕ್ಟರುಗಳು ತಮ್ಮ ಮಾತನ್ನ ವಾಪಸ್ ತಗೊಂಡರು.

ನಡಿಗೆಯೊಂದೇ ಸಾಲಲಿಲ್ಲ. ಇಲ್ಲಿ ಒಬ್ಬ ಭಾರತ ಮೂಲದ ಸರ್ಜನ್ ಕತೆಯೊಳಗೆ ಬರ್ತಾರೆ. ಹೆಸರು ವಿಜಯ್ ಕಕ್ಕರ್, ಲಂಡನ್ನಿನಲ್ಲಿ ಕೆಲಸ. 1975ರಲ್ಲಿ ಅವರ ಮುಂದಾಳ್ತನದಲ್ಲಿ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಪ್ರಕಟವಾಯಿತು. ದೊಡ್ಡ ಆಪರೇಷನ್ ಆದ 4,121 ಜನ. ಅರ್ಧ ಜನಕ್ಕೆ ಚರ್ಮದಡಿ ಹೆಪರಿನ್ ಇಂಜೆಕ್ಷನ್, ಅಂದ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ. ಅದೂ ಚಿಕ್ಕ ಡೋಸ್. ಇನ್ನರ್ಧ ಜನಕ್ಕೆ ಇಲ್ಲ. ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತವರು ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ 16 ಜನ, ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಇಬ್ಬರು. ಕಕ್ಕರ್ ಕಟ್ಟಿದ ಥ್ರಾಂಬೋಸಿಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ.

ಮುಂದಿನ ಪ್ರಶ್ನೆ, ಎಷ್ಟು ದಿನ ಕೊಡಬೇಕು? 2002ರಲ್ಲಿ ಉತ್ತರ ಸಿಕ್ಕಿತು. ಹೊಟ್ಟೆ ಮತ್ತು ಸೊಂಟದ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಸುಮಾರು ಒಂದು ವಾರಕ್ಕೆ ಇಂಜೆಕ್ಷನ್ ನಿಲ್ಲಿಸಿದಾಗ 100ಕ್ಕೆ 12 ಜನರಲ್ಲಿ ಹೆಪ್ಪು ಸಿಕ್ಕಿತು. ನಾಲ್ಕು ವಾರ ಕೊಟ್ಟಾಗ 100ಕ್ಕೆ 5 ಜನಕ್ಕಿಂತ ಕಡಿಮೆ. 28 ದಿನ ಅನ್ನೋ ಲೆಕ್ಕ ಬಂದದ್ದು ಹೀಗೆ. 2020ರಲ್ಲಿ ಅಮೆರಿಕದಲ್ಲಿ ಸ್ತ್ರೀರೋಗ ಕ್ಯಾನ್ಸರ್ ಆಪರೇಷನ್ ಆದ 400 ಹೆಂಗಸರಲ್ಲಿ ಇಂಜೆಕ್ಷನ್ ಬದಲು ಅಪಿಕ್ಸಬಾನ್ ಅನ್ನೋ ಮಾತ್ರೆ ಕೊಟ್ಟು ನೋಡಿದರು. ಮಾತ್ರೆಯವರಲ್ಲಿ ದೊಡ್ಡ ರಕ್ತಸ್ರಾವ ಹೆಚ್ಚಾಗಲಿಲ್ಲ. ಹಾಗಂತ ಎಲ್ಲರಿಗೂ 28 ದಿನ ಬೇಕಾಗಲ್ಲ. ಯಾರಿಗೆ ಬೇಕು, ಯಾರಿಗೆ ರಕ್ತಸ್ರಾವದ ಭಯ ಇದೆ ಅನ್ನೋದನ್ನ ಆಪರೇಷನ್ ಮಾಡಿದ ಡಾಕ್ಟರ್ ನಿರ್ಧರಿಸಬೇಕು.

ಈಗ ನಮ್ಮ ಕಡೆಗೆ ಬರೋಣ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಕ್ಯಾನ್ಸರ್ ಅಂದ ತಕ್ಷಣ ಬಾಯಿಗೆ ಬರೋ ಹೆಸರು ಕಿದ್ವಾಯಿ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿನ ಆಸ್ಪತ್ರೆ. ಬೆಂಗಳೂರಿನಲ್ಲಿ 1973ರ ಜೂನ್ 26ರಂದು ಶುರುವಾಯಿತು, 1980ರಲ್ಲಿ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ಕೇಸುಗಳ ಪಟ್ಟಿ ಇಡೋ ಕೆಲಸವೂ ಅಲ್ಲೇ ನಡೆಯುತ್ತೆ. ಆ ಮೊದಲ ವರ್ಷಗಳ ಪಟ್ಟಿಯಲ್ಲಿ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೇ. ಆಮೇಲಷ್ಟೇ ಸ್ತನ ಕ್ಯಾನ್ಸರ್ ಮೇಲೆ ಬಂತು. ದೇಶದ ಲೆಕ್ಕದಲ್ಲಿ ಕೊರಳಿನ ಕ್ಯಾನ್ಸರ್ ಈಗಲೂ ಚಿಕ್ಕದಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಹೊಸ ಕೇಸು, ಹತ್ತಿರಹತ್ತಿರ 80 ಸಾವಿರ ಸಾವು.

ಇವರಲ್ಲಿ ಎಲ್ಲರಿಗೂ ಆಪರೇಷನ್ ಆಗಲ್ಲ. ರೋಗ ಮುಂದುವರಿದಿದ್ದರೆ ಕರೆಂಟು ಕೊಡಿಸೋದು, ಅಂದ್ರೆ ರೇಡಿಯೇಷನ್, ಅದೇ ಮುಖ್ಯ ಚಿಕಿತ್ಸೆ. ಬೇಗ ಗೊತ್ತಾದವರಿಗೆ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದವರಿಗೆ, ಅಂಡಾಶಯದ ಕ್ಯಾನ್ಸರ್ ಇದ್ದವರಿಗೆ ಆಪರೇಷನ್ ದೊಡ್ಡ ಆಸರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಆಪರೇಷನ್ ಖರ್ಚಿಗೆ ದಾರಿ ಇದೆ.

ಆದರೆ ಆಪರೇಷನ್ ಆದಮೇಲೆ? ಮೊದಲು ರೋಗಿ ವಾರಗಟ್ಟಲೆ ವಾರ್ಡಿನಲ್ಲೇ ಇರ್ತಿದ್ದರು. ಈಗ ಕೆಲವೇ ದಿನಕ್ಕೆ ಡಿಸ್ಚಾರ್ಜ್. 28 ದಿನಗಳಲ್ಲಿ ದೊಡ್ಡ ಪಾಲು ಕಳೆಯೋದು ಗುಬ್ಬಿಯ ನಡುಮನೆಯಲ್ಲಿ, ಕುಣಿಗಲ್‌ನ ಜಗಲಿಯ ಮೇಲೆ. ಮೊದಲು ನರ್ಸ್ ಮಾಡ್ತಿದ್ದ ಕೆಲಸ ಈಗ ಮನೆಯವರ ಕೈಗೆ ಬಂದಿದೆ. ಆದರೆ ಮನೆಯವರಿಗೆ ಗೊತ್ತಿರೋದು ಹಳೇ ಪಾಠ. ನಿಜವಾದ ತೊಡಕು ಇಲ್ಲಿದೆ.

ಬೇಗ ಮನೆಗೆ ಕಳಿಸೋದು ಹಾಸಿಗೆ ಖಾಲಿ ಮಾಡೋಕೆ ಅಂತ ಕೆಲವರು ಅನುಮಾನ ಪಡ್ತಾರೆ. ಅದರ ಹಿಂದೆಯೂ ಒಂದು ಚರಿತ್ರೆ ಇದೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಒಂದು ಸರಳ ಪ್ರಶ್ನೆ ಕೇಳಿದರು: ಆಪರೇಷನ್ ಚೆನ್ನಾಗೇ ಆಗಿದ್ದರೆ, ರೋಗಿ ಇನ್ನೂ ಯಾಕೆ ಆಸ್ಪತ್ರೆಯಲ್ಲಿದ್ದಾರೆ? ಉತ್ತರ ಹುಡುಕಿದರೆ, ಕಾರಣಗಳು ತುಂಬಾ ಚಿಕ್ಕವು. ಹಿಂದಿನ ರಾತ್ರಿಯಿಂದ ಉಪವಾಸ, ಬೇಡದ ಪೈಪುಗಳು, ತಡೆಯದ ನೋವು, ಮಲಗೇ ಇರೋದು. ಒಂದೊಂದನ್ನೇ ಬದಲಾಯಿಸುತ್ತಾ ಹೋದರು. ದೊಡ್ಡಕರುಳಿನ ಆಪರೇಷನ್ ಆದವರು ಎರಡೇ ದಿನಕ್ಕೆ ಮನೆಗೆ ಹೋಗುವಂತಾಯಿತು. 2016ರಲ್ಲಿ ಇದೇ ವಿಧಾನವನ್ನ ಸ್ತ್ರೀರೋಗ ಕ್ಯಾನ್ಸರ್ ಆಪರೇಷನ್‌ಗೆ ಅಂತಲೇ ಬರೆದು ಪ್ರಕಟಿಸಿದರು, 2019ರಲ್ಲಿ ಪರಿಷ್ಕರಿಸಿದರು. ಸಾಮಾನ್ಯವಾಗಿ ಆಪರೇಷನ್‌ಗೆ ಎರಡು ಗಂಟೆ ಮುಂಚಿನವರೆಗೂ ನೀರಿನಂಥ ತಿಳಿ ಪಾನೀಯ ಕುಡಿಯಬಹುದು, ಆದಮೇಲೆ 24 ಗಂಟೆಯೊಳಗೆ ಊಟ ಶುರು, ಮೂತ್ರದ ಪೈಪು ಆದಷ್ಟು ಬೇಗ ತೆಗೆಯೋದು, ಬೇಗ ನಡೆಸೋದು. ನಮ್ಮ ವಾರ್ಡುಗಳಲ್ಲಿ ‘ಗ್ಯಾಸ್ ಹೋಯ್ತಾ? ಹೋದ ಮೇಲೇ ಊಟ’ ಅಂತ ಕೇಳ್ತಾರಲ್ಲ, ಆ ಕಾಯುವಿಕೆಯನ್ನೇ ಈ ಪಟ್ಟಿ ಕೈಬಿಟ್ಟಿತು.

ಊಟ ಅಂದಮೇಲೆ ನಮ್ಮ ಮನೆಗಳ ಇನ್ನೊಂದು ಮಾತು. ‘ಅದು ನಂಜು, ಇದು ನಂಜು’ ಅಂತ ಬದನೆಕಾಯಿ, ಕುಂಬಳಕಾಯಿಯಿಂದ ಹಿಡಿದು ಮೊಟ್ಟೆ, ಕಾಳಿನವರೆಗೂ ಪಥ್ಯ ಮಾಡಿಸ್ತಾರೆ. ಕೊನೆಗೆ ಉಳಿಯೋದು ಗಂಜಿ, ಬ್ರೆಡ್ಡು. ಲಿಸ್ಟರ್ ತೋರಿಸಿದ್ದು ನೆನಪಿಸಿಕೊಳ್ಳಿ: ಗಾಯದ ನಂಜು ಬರೋದು ಕ್ರಿಮಿಯಿಂದ. ಗಾಯ ಕೂಡಿಕೊಳ್ಳೋಕೆ ಪ್ರೋಟೀನ್ ಬೇಕು. ಡಾಕ್ಟರ್ ಬೇರೆ ಏನೂ ಹೇಳಿಲ್ಲದಿದ್ದರೆ ಬೇಳೆ, ಮೊಟ್ಟೆ, ಹಾಲು, ಮೊಸರು, ಮೆತ್ತಗಿನ ಮುದ್ದೆ ಕೊಡಬಹುದು. ತಡೆಯಬೇಕಾದ್ದು ಎಲೆಅಡಿಕೆ ಜೊತೆ ಹೋಗೋ ಕಡ್ಡಿಪುಡಿಯನ್ನ. ತಂಬಾಕಿನ ನಿಕೋಟಿನ್ ರಕ್ತನಾಳವನ್ನ ಬಿಗಿಸುತ್ತೆ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಯಲ್ಲಿರಬೇಕು, ಇಲ್ಲದಿದ್ದರೆ ಗಾಯಕ್ಕೆ ಕೀವು ಬೇಗ. ಹೊಲಿಗೆ ಮೇಲೆ ಅರಿಶಿನ, ಎಣ್ಣೆ ಏನೂ ಮೆತ್ತಬೇಡಿ.

ಇನ್ನೊಂದು ಕಡೆ ಸರ್ಜನ್‌ಗಳೂ ತಮ್ಮ ಕತ್ತರಿಯನ್ನ ಹಿಂದಕ್ಕೆ ಎಳೆದುಕೊಂಡಿದ್ದಾರೆ. ಹೆಚ್ಚು ತೆಗೆದಷ್ಟೂ ಒಳ್ಳೇದು ಅನ್ನೋದು ವರ್ಥೈಮ್ ಕಾಲದ ನಂಬಿಕೆ. 2019ರಲ್ಲಿ, ಮುಂದುವರಿದ ಅಂಡಾಶಯದ ಕ್ಯಾನ್ಸರ್ ಇದ್ದ 647 ಹೆಂಗಸರ ಅಧ್ಯಯನ ಬಂತು. ನೋಡೋಕೆ ಚೆನ್ನಾಗೇ ಇದ್ದ ಹಾಲ್ರಸದ ಗಂಟುಗಳನ್ನೂ ತೆಗೆದವರು ಹೆಚ್ಚು ಕಾಲ ಬದುಕಲಿಲ್ಲ. ಬದಲಿಗೆ 60 ದಿನದೊಳಗೆ ಸತ್ತವರು ಅವರಲ್ಲಿ ಶೇ 3.1, ತೆಗೆಯದವರಲ್ಲಿ ಶೇ 0.9. 2024ರಲ್ಲಿ 700 ಹೆಂಗಸರ ಇನ್ನೊಂದು ಅಧ್ಯಯನ. ತುಂಬಾ ಚಿಕ್ಕ ಹಂತದ ಕೊರಳಿನ ಕ್ಯಾನ್ಸರ್‌ಗೆ ವರ್ಥೈಮ್ ಮಾದರಿಯ ದೊಡ್ಡ ಆಪರೇಷನ್ ಬದಲು ಬರೀ ಗರ್ಭಕೋಶ ತೆಗೆದರೂ ರೋಗ ಮರುಕಳಿಸೋದು ಹೆಚ್ಚಾಗಲಿಲ್ಲ. ಮೂತ್ರ ಕಟ್ಟೋದು, ತಾನಾಗೇ ಸೋರೋದು ಕಡಿಮೆಯಾಯಿತು. ಮೂತ್ರಕೋಶದ ನರಗಳು ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತವೆ, ಅದಕ್ಕೆ.

ಹಾಲ್ರಸದ ಗಂಟು ತೆಗೆದವರಿಗೆ ತಿಂಗಳುಗಳೋ ವರ್ಷಗಳೋ ಆದಮೇಲೆ ಕಾಲು ಬಾತುಕೊಳ್ಳಬಹುದು. ಆನೆಕಾಲು ರೋಗದಲ್ಲಿ ಆಗೋ ಬಾವಿಗೂ ಇದಕ್ಕೂ ಒಳಗಿನ ಕಾರಣ ಹತ್ತಿರಹತ್ತಿರ: ಹಾಲ್ರಸ ಹರಿಯೋ ದಾರಿ ಮುಚ್ಚಿಹೋಗಿರುತ್ತೆ. ನಮ್ಮ ಗಡಿಯಾಚೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇಂಥ ಕಾಲು ಬಾವಿಗೆ ಅಂತಲೇ ವರ್ಷಗಳಿಂದ ಕೆಲಸ ಮಾಡ್ತಿದೆ. ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿದ ಚಿಕಿತ್ಸೆ ಅಲ್ಲಿಯದು. ಅದರ ತಳಪಾಯ ಮನೆಯಲ್ಲೇ ಮಾಡಬಹುದಾದದ್ದು: ಕಾಲು ತೊಳೆದು ಬೆರಳ ಸಂದಿ ಒಣಗಿಸೋದು, ಬಟ್ಟೆ ಪಟ್ಟಿ ಬಿಗಿಯಾಗಿ ಸುತ್ತೋದು, ಉಸಿರಾಟದ ಜೊತೆ ವ್ಯಾಯಾಮ. ಬೆರಳ ಸಂದಿಯ ಬಿರುಕಿನಿಂದಲೇ ಕ್ರಿಮಿ ಒಳಗೆ ಹೋಗೋದು. ಗದ್ದೆ, ತೋಟಕ್ಕೆ ಬರಿಗಾಲಲ್ಲಿ ಹೋಗೋ ಅಮ್ಮಂದಿರಿಗೆ ಒಂದು ಜೊತೆ ಚಪ್ಪಲಿಯೂ ಚಿಕಿತ್ಸೆಯೇ.

ಸರಿ, ಮತ್ತೆ ಗುಬ್ಬಿಯ ಆ ಮನೆಗೆ ಹೋಗೋಣ. ಅಜ್ಜಿಗೆ ಏನಂತ ಹೇಳೋದು?

ಅಜ್ಜಿ ಒಂದು ವಿಷಯದಲ್ಲಿ ಸರಿ ಇದ್ದಾರೆ. ಹೊಲಿಗೆಯ ಮೇಲೆ ಭಾರ ಬೀಳಬಾರದು. ಆದರೆ ಭಾರ ಬೀಳೋದು ನಡೆದಾಗ ಅಲ್ಲ, ನೀರಿನ ಬಿಂದಿಗೆ ಎತ್ತಿದಾಗ, ಹುಲ್ಲಿನ ಹೊರೆ ಹೊತ್ತಾಗ, ಮುಕ್ಕಿ ಮಲವಿಸರ್ಜನೆ ಮಾಡಿದಾಗ. ಅದಕ್ಕೆ ಡಾಕ್ಟರುಗಳು ಸಾಮಾನ್ಯವಾಗಿ ಆರು ವಾರ ಭಾರ ಎತ್ತಬೇಡಿ ಅಂತಾರೆ. ‘ಅಜ್ಜಿ, ಬಿಂದಿಗೆ ಮುಟ್ಟೋಕೆ ಬಿಡಬೇಡಿ, ಆದರೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿ’ ಅಂತ ಅವರಿಗೇ ಜವಾಬ್ದಾರಿ ಕೊಟ್ಟುನೋಡಿ. ಕಾವಲು ಕಾಯೋರು ಅವರಿಗಿಂತ ಬೇರೆ ಯಾರು ಸಿಗ್ತಾರೆ?

ಒಂದು ಕಾಲು ಮಾತ್ರ ಬಾತು ನೋವು ಬಂದರೆ, ದಯವಿಟ್ಟು ಎಣ್ಣೆ ಹಾಕಿ ನೀವಬೇಡಿ. ಒಳಗಿನ ಹೆಪ್ಪು ಕಿತ್ತುಕೊಂಡು ಹೋಗಬಹುದು. ಅವತ್ತೇ ಆಸ್ಪತ್ರೆಗೆ. ಚಳಿಜ್ವರ ಬಂದರೆ, ಹೊಲಿಗೆ ಕೆಂಪಾಗಿ ಕೀವು ಸೋರಿದರೆ, ಹೊಟ್ಟೆ ಉಬ್ಬರಿಸಿ ವಾಂತಿ ಆದರೆ, ಮೂತ್ರ ಕಟ್ಟಿದರೆ, ಕೆಳಗಡೆ ನೀರು ನಿಲ್ಲದೆ ಸೋರಿದರೆ, ರಕ್ತ ಹೋದರೆ ‘ನಾಳೆ ನೋಡೋಣ’ ಅನ್ನಬೇಡಿ. ಇದ್ದಕ್ಕಿದ್ದ ಹಾಗೆ ಏದುಸಿರು, ಎದೆನೋವು ಬಂದರೆ ನೇರ 108ಕ್ಕೆ ಫೋನ್ ಮಾಡಿ. ಬಹಳ ಹೆಂಗಸರು ‘ಕೆಳಗಡೆ’ ವಿಷಯ ಮಗನ ಹತ್ತಿರ ಹೇಳಲ್ಲ. ಹಾಗಾಗಿ ಮಗಳೋ, ಸೊಸೆಯೋ, ಆಶಾ ಕಾರ್ಯಕರ್ತೆಯೋ ದಿನಕ್ಕೊಂದು ಸಲ ಬಾಯಿಬಿಟ್ಟು ಕೇಳಬೇಕು.

ಡಿಸ್ಚಾರ್ಜ್ ದಿನ ನೀವು ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಮೂರೇ ಪ್ರಶ್ನೆ. ಹೆಪ್ಪುಗಟ್ಟದ ಔಷಧಿ ಎಷ್ಟು ದಿನ, ಊರಲ್ಲಿ ಇಂಜೆಕ್ಷನ್ ಯಾರು ಕೊಡಬೇಕು? ದಿನಕ್ಕೆ ಎಷ್ಟು ನಡೆಸಬೇಕು? ರಾತ್ರಿ ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರವನ್ನ ಅವರ ಒಪ್ಪಿಗೆ ತಗೊಂಡು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅಜ್ಜಿಗೂ ಕೇಳಿಸಿ. ಕ್ಯಾಲೆಂಡರಿನಲ್ಲಿ 28ನೇ ದಿನದ ಮೇಲೆ ಒಂದು ಗುರುತು ಹಾಕಿ.

ಜೇನ್ ಕ್ರಾಫರ್ಡ್ ಐದನೇ ದಿನ ಹಾಸಿಗೆ ಸರಿಮಾಡ್ತಾ ನಿಂತಿದ್ದಾಗ ‘ಏಳಿ’ ಅಂತ ಹೇಳಿದವರು ಯಾರೂ ಇರಲಿಲ್ಲ. ನಿಮ್ಮ ಅಮ್ಮನಿಗೆ ನೀವಿದ್ದೀರಿ. ಕೈ ಕೊಡಿ, ಮೆಲ್ಲಗೆ ಎಬ್ಬಿಸಿ.